ಬ್ಯಾಟರಿ ತೆಗೆದಿಟ್ಟಿದ್ದ ಕ್ಯಾಮೆರಾ

ನಡುರಾತ್ರಿ ಕ್ಯಾಮೆರಾ ಮೂರು ಸಲ ಕ್ಲಿಕ್ಕೆಂದಿತು. ನೀರು ಬಿದ್ದು ಅದರ ಶಟರ್ ಅಂಟಿಕೊಂಡಿತ್ತು. ಬ್ಯಾಟರಿಯನ್ನು ನಾನೇ ತೆಗೆದಿಟ್ಟಿದ್ದೆ. ತರೀಕೆರೆಯ ಫೋಟೋಗ್ರಾಫರ್ ಜಬೀವುಲ್ಲಾ ತೀರಿಕೊಂಡ ಮೇಲೆ ಅವರ ಹೆಂಡತಿ ಶಿರೀನ್ ತಾಜ್ ಅದನ್ನು ಮಾರಲಿಟ್ಟಿದ್ದರು. ಒಂದು ದಿನ ನೋಡಿ ಹೇಳುತ್ತೇನೆಂದು ಕಡೂರಿಗೆ ತಂದಿದ್ದೆ.

ಎದ್ದು ಮುಟ್ಟಿದೆ. ಕ್ಯಾಮೆರಾ ತಣ್ಣಗಿತ್ತು. ಕಣ್ಣಿಡುವ ಕಡೆಯ ರಬ್ಬರ್ ಮಾತ್ರ, ಯಾರೋ ಆಗಷ್ಟೇ ಮುಖ ಸರಿಸಿದಂತೆ, ಬೆಚ್ಚಗಿತ್ತು.

ಬೆಳಿಗ್ಗೆ ಮೊದಲ ಬಸ್ಸಿಗೇ ವಾಪಸ್ ಕೊಡಲು ಹೋದೆ.

"ನಮ್ಮೆಜಮಾನ್ರು ಒಬ್ಬೊಬ್ಬರಿಗೂ ಮೂರು ಸಲ ಒತ್ತೋರು, ಕಣ್ಣು ಮುಚ್ಚಿಬಿಡ್ತಾರೆ ಅಂತ," ಎಂದು ಶಿರೀನ್ ತಾಜ್ ಚೀಲದೊಳಗಿನ ಕ್ಯಾಮೆರಾ ನೋಡಿ, ಟೀ ಕೊಡುತ್ತಾ ನಕ್ಕರು. "ಅವರು ಹೋಗಿ ಏಳು ತಿಂಗಳಾದ್ಮೇಲೆ ನಿನ್ನೆ ರಾತ್ರಿನೇ ಕಣಮ್ಮ ನಂಗೆ ನಿದ್ದೆ ಬಂದಿದ್ದು. ನೀವ್ಯಾಕೆ ಇಷ್ಟು ಬಾಡಿದೀರ? ಕ್ಯಾಮೆರಾ ಬೇಡ್ವಾ?"

ಬಿಚ್ಚಿದ್ದ ಚೀಲದ ಜಿಪ್ ಮತ್ತೆ ಎಳೆದೆ.

"ತಗೋತೀನಿ, ಶಿರೀನಕ್ಕ."

ಬಸ್ಸಿನಲ್ಲಿ ಚೀಲ ತೊಡೆಯ ಮೇಲೆ ಬೆಚ್ಚಗಿತ್ತು. ಯಾರಿಗೂ ಹೇಳಬಾರದೆಂದುಕೊಂಡೆ, ಶಿರೀನಕ್ಕನಾದರೂ ಮಲಗಲಿ.