ಹಗುರ ಚೀಲದ ಪಂದ್ಯ

ಬೆನ್ ಫಿಯಾಕಲ್ ಬೆಟ್ಟದ ಬುಡದಲ್ಲಿ, ಕಾರುಗಳ ನಡುವೆ, ಟೋರ್ಕಿಲ್ ತೂಗುವ ಕೊಕ್ಕೆ ಹಿಡಿದು ನಿಂತಿದ್ದ. ತುದಿ ಮುಟ್ಟಿ ಕತ್ತಲಾಗುವುದರೊಳಗೆ ಇಳಿಯಬೇಕು. ಯಾರ ಚೀಲ ಹೆಚ್ಚು ಭಾರವೋ ಅವರು ಎಲ್ಲರಿಗೂ ಬಿಯರ್ ಕೊಡಿಸಬೇಕು. ಅವರ ಕೂಟದ ಕಾನೂನು ಅದು. ತೂಕ ಉಳಿಸಲೆಂದು ಹಲ್ಲುಜ್ಜುವ ಬ್ರಷ್ಷಿನ ಹಿಡಿಯನ್ನೇ ಕೊಯ್ದ ಗಂಡು ಟೋರ್ಕಿಲ್; ಬಿಟ್ಟರೆ ಹಲ್ಲನ್ನೂ ಮನೆಯಲ್ಲಿಟ್ಟು ಬಂದಾನು.

ಇಶ್‌ಬೆಲ್ ನಲವತ್ತು ವರ್ಷ ನರ್ಸಾಗಿದ್ದವಳು. ಅವಳ ಮದ್ದಿನ ಗಂಟಿನಲ್ಲಿ ಮೂರು ಊರಿಗೆ ಸಾಲುವ ಆಸ್ಪತ್ರೆಯಿತ್ತು. ಏಳು ವರ್ಷ ಬಿಯರ್ ಕೊಡಿಸಿದವಳೂ ಅವಳೇ.

“ಏನ್ ಸಿಸ್ಟರ್, ಈ ಸಲ ಆಂಬುಲೆನ್ಸ್ ಎಲ್ಲಿ ಮಡಚಿಟ್ಟಿದ್ದೀಯ?” ಟೋರ್ಕಿಲ್ ಕೆಣಕಿದ.

ಜೊತೆಗಾರ ಲಾಕ್ಲನ್ ಬಿದ್ದು ಬಿದ್ದು ನಕ್ಕ. ಇಶ್‌ಬೆಲ್‌ಗೆ ರೇಗಿತು. ಗಂಟನ್ನು ಕಾರಿನೊಳಕ್ಕೆ ಎಸೆದು, ಬೊಬ್ಬೆಗೆ ಅಂಟಿಸುವ ನಾಲ್ಕು ಪ್ಲಾಸ್ಟರ್ ಮಾತ್ರ ಜೇಬಿಗಿಳಿಸಿದಳು.

“ಈಗ ತೂಗು!”

ಅವಳದೇ ಹಗುರ.

ನವೆಂಬರಿನ ಬೆಟ್ಟ ಕಂದು ತುಪ್ಪಳ ಹೊದ್ದು, ನೆತ್ತಿಯನ್ನು ಮಂಜಿನಲ್ಲಿ ಬಚ್ಚಿಟ್ಟುಕೊಂಡಿತ್ತು. ಗಾಳಿಯೋ, ಕುರಿಗಳು ಬಂಡೆ ತಬ್ಬಿಕೊಂಡು ಮೇಯಬೇಕಾದಂಥ ಗಾಳಿ!

ಬೆಟ್ಟದ ಚೂಪು ಏಣಿನ ಮೇಲೆ ಕಲ್ಲು ಜಾರಿತು. ಟೋರ್ಕಿಲ್ ಉರುಳಿದ. ಮೀನಖಂಡ ಎಲುಬಿನವರೆಗೆ ಸೀಳಿತ್ತು.

“ಸಿಸ್ಟರ್, ಬ್ಯಾಂಡೇಜು!”

“ಕಾರಲ್ಲಿದೆ.”

“ತಮಾಷೆ ಬೇಡ ಇಶಿ.”

“ತಮಾಷೆ ಮಾಡ್ದೋನು ನೀನು. ಸುಮ್ನೆ ಮಲಕ್ಕೋ. ಲಾಕ್ಲನ್, ಓಡು! ಫೋನ್ ಸಿಗೋ ಕಡೆ ನಿಂತು ರಕ್ಷಣಾ ತಂಡದವರನ್ನ ಕರಿ!”

ಕಾಲುಚೀಲ ಮಡಚಿ ಒತ್ತಿದಳು. ರಕ್ತ ಬೆರಳ ಸಂದಿಯಿಂದ ಉಕ್ಕಿತು. ಕೊನೆಗೆ ಬೂಟಿನ ಲೇಸು ಬಿಚ್ಚಿ, ಗಾಯದ ಮೇಲ್ಗಡೆ ಸುತ್ತಿ, ಎಳೆದು ಗಂಟು ಬಿಗಿದಳು.

ನಿಂತಿತು.

ನಾಲ್ಕು ಗಂಟೆ, ಇಶ್‌ಬೆಲ್ ಲೆಕ್ಕದಲ್ಲಿ ನಾಲ್ಕು ಚಳಿಗಾಲ, ಅವನ ಮೇಲೆ ಕವುಚಿ ಬಿದ್ದು ಮೈಬಿಸಿ ಕೊಟ್ಟಳು. ಮಂಜು ಸೀಳಿ ಬಂದ ತಂಡದವರು ಸ್ಟ್ರೆಚರಿನಲ್ಲಿ ಹೊತ್ತು ಇಳಿಸಿದರು.

ಟೋರ್ಕಿಲ್ ಬದುಕಿದ. ಆದರೆ ತೆಳು ಲೇಸು ಪಾದಕ್ಕೆ ರಕ್ತವನ್ನೇ ಇಳಿಯಗೊಡಲಿಲ್ಲ. ಎರಡು ಕಾಲ್ಬೆರಳು ಹೋದವು. ಆ ಗಂಟು ಬಿಗಿದ ಕೈ ಯಾರದೆಂದು ಇಶ್‌ಬೆಲ್‌ಗೆ ಗೊತ್ತು. ಅಗಲದ ಒಂದು ಬ್ಯಾಂಡೇಜಿದ್ದರೆ ಸಾಕಿತ್ತು. ಅವನು ಬುತ್ತಿಗೆಂದು ಹೊತ್ತ ಮಾಂಸದ ಕಡುಬಿನಷ್ಟೂ ತೂಕವಿಲ್ಲ ಅದಕ್ಕೆ.

ಏಪ್ರಿಲಿನಲ್ಲಿ ಮತ್ತೆ ಅದೇ ಜಾಗ. ಟೋರ್ಕಿಲ್ ಕೋಲೂರಿ ತೂಗಿದ. ಇಶ್‌ಬೆಲ್ ಗಂಟಿನಲ್ಲಿ ಅಗಲದ ಎರಡು ಬ್ಯಾಂಡೇಜು, ಅಂಟುಪಟ್ಟಿ, ಪ್ಲಾಸ್ಟರ್, ಮೈಗೆ ಸುತ್ತುವ ತಗಡು ಹಾಳೆ: ಮೂರು ಊರಿನ ಆಸ್ಪತ್ರೆ ಈಗ ಒಂದು ಟೊಪ್ಪಿಯೊಳಗೆ ಹಿಡಿಸಿತ್ತು. ಆದರೂ ಅವಳದೇ ಭಾರ, ಕೂದಲೆಳೆಯಷ್ಟು.

“ಬಿಯರ್ ನಿಂದೇ, ಸಿಸ್ಟರ್.”

ಯಾರೂ ನಗಲಿಲ್ಲ.

“ಕೊಡಿಸ್ತೀನಿ ಬಿಡು.”

ಟೋರ್ಕಿಲ್ ಕಾರಿನಲ್ಲೇ ಕುಳಿತ. ಇಶ್‌ಬೆಲ್ ತುದಿ ಮುಟ್ಟಿ, ಜೊತೆಗೆ ಹತ್ತಿದವರನ್ನೆಲ್ಲ ಎಲ್ಲ ಬೆರಳುಗಳ ಸಮೇತ ಇಳಿಸಿ ತಂದಳು.