ಕುರಿಗಳಿಗೆ ಬೇಡವಾದ ಟಗರು

"ಸುಲ್ಮಾ, ನಿಮ್ಮ ಟಗರು ಹತ್ರ ಬಂದ್ರೆ ಕುರಿಗಳೆಲ್ಲ ಎದ್ದು ಹೋಗ್ತವಂತೆ. ಸ್ವಲ್ಪ ಸೋಪು ಹಚ್ಚಿ ತೊಳೀರಿ," ಅಂದ ವಿಲ್ಮಾರ್.

ಕ್ಲಾಸಿಗೆ ಕ್ಲಾಸೇ ನಕ್ಕಿತು. ಸುಲ್ಮಾಳ ಕಿವಿ ಬಿಸಿಯಾಯಿತು.

ಅವಳ ಇಸಿದ್ರೊ ಮಾಮ ಹೋದ ವರ್ಷದವರೆಗೆ ಮೊಂಟೆವಿಡಿಯೊದಲ್ಲಿ ಬಸ್ ಓಡಿಸುತ್ತಿದ್ದ. ತಾತ ತೀರಿಕೊಂಡ ಮೇಲೆ ಕುರಿ ನೋಡಿಕೊಳ್ಳಲು ಮನೆಯವರೆಲ್ಲ ಈ ಹಳ್ಳಿಗೆ ಬಂದರು. ನವೆಂಬರ್ ಬಿಸಿಲಿನಲ್ಲಿ ಮಾಮ ಒಂದು ದೊಡ್ಡ ಟಗರು ತಂದ. ಅಂಗಡಿ ಮುಂದೆ ಮೂರು ಸಲ ಮೆರವಣಿಗೆಯನ್ನೂ ಮಾಡಿದ. ಆದರೆ ಹೆಣ್ಣು ಕುರಿಗಳು ಅದಕ್ಕೆ ಬೆನ್ನು ತೋರಿಸಿದವು.

"ತಿಂದು ಮಲಗೋ ಸೋಮಾರಿ," ಅಂದ ಮಾಮ. "ಭಾನುವಾರ ಕಟುಕನಿಗೆ ಬರೋಕೆ ಹೇಳಿದೀನಿ."

ಶಾಲೆ ಬಿಟ್ಟ ಮೇಲೆ ಸುಲ್ಮಾ ಮಿರ್ತಾ ಟೀಚರ್ ಹತ್ತಿರ ಹೋಗಿ ಎಲ್ಲ ಹೇಳಿದಳು.

"ತಪ್ಪು ಟಗರಿಂದಲ್ಲ ಕಣೇ," ಅಂದರು ಟೀಚರ್. "ಭೂಮಿಯ ನಮ್ಮ ದಕ್ಷಿಣ ಭಾಗದಲ್ಲಿ ನವೆಂಬರ್ ಅಂದ್ರೆ ಬೇಸಿಗೆ, ಹಗಲು ಉದ್ದ. ಹಗಲು ಚಿಕ್ಕದಾದಾಗ ಕುರಿಯ ಮೆದುಳಿಗೆ ಅದು ಗೊತ್ತಾಗುತ್ತೆ. ಆಗ ಹಾರ್ಮೋನ್ ಕೆಲಸ ಶುರು. ಈಸ್ಟ್ರೋಜನ್ ಏರಿದಾಗ ಕುರಿ ಬೆದೆಗೆ ಬರುತ್ತೆ, ತಾನೇ ಟಗರನ್ನ ಹುಡುಕಿಕೊಂಡು ಹೋಗುತ್ತೆ. ಆಮೇಲೆ ಪ್ರೊಜೆಸ್ಟರಾನ್ ಏರಿ ಸುಮ್ಮನಾಗಿಸುತ್ತೆ. ಗಬ್ಬ ನಿಲ್ಲದಿದ್ರೆ ಎರಡು ವಾರ ದಾಟಿದ ಮೇಲೆ ಮತ್ತೆ ಬೆದೆ."

"ಇದು ಊರವರಿಗೆ ಗೊತ್ತಾ?"

"ಇಲ್ಲಿ ಹುಟ್ಟಿದೋರಿಗೆಲ್ಲ ಗೊತ್ತು."

"ಮತ್ತೆ ಮಾಮನಿಗೆ ಯಾಕೆ ಯಾರೂ ಹೇಳ್ಲಿಲ್ಲ?"

ಟೀಚರ್ ಬೋರ್ಡ್ ಒರೆಸಿದರು. "ಈ ಊರಲ್ಲಿ ಟಾಕೀಸ್ ಇಲ್ವಲ್ಲ. ನಗೋಕೆ ಏನಾದ್ರೂ ಬೇಕು."

ಮನೆಗೆ ಬಂದು ಹೇಳಿದರೆ ಮಾಮ ಉರಿದುಬಿದ್ದ. "ಕುರಿ ಕ್ಯಾಲೆಂಡರ್ ನೋಡುತ್ತಾ? ನನಗೆ ಪಾಠ ಹೇಳೋಕೆ ಬಂದ್ಬಿಟ್ಲು. ಊರ ಮುಂದೆ ನಾನು ದಡ್ಡ ಅಂತ ಒಪ್ಕೋಬೇಕಾ?"

ಭಾನುವಾರ ಕಟುಕ ಬಂದ. ತಮಾಷೆ ನೋಡಲು ವಿಲ್ಮಾರನ ಅಪ್ಪ ಒಲೆಗಾರಿಯೊ ನಾಲ್ಕು ಜನರನ್ನು ಕರೆತಂದು ಬೇಲಿಗೆ ಒರಗಿ ನಿಂತಿದ್ದ. ಟಗರಿನ ಕೊಂಬಿಗೆ ಹಗ್ಗ ಬಿತ್ತು.

ಸುಲ್ಮಾ ಮುಂದೆ ಬಂದಳು. "ಮಾಮ, ನೀನು ಹೇಳಿದ್ದನ್ನ ಇವರಿಗೂ ಹೇಳು. ಹಗಲು ಚಿಕ್ಕದಾಗೋ ತನಕ ಕುರಿ ಬೆದೆಗೆ ಬರಲ್ಲ, ಅಷ್ಟರಲ್ಲಿ ಟಗರಿಗೆ ಇಲ್ಲಿನ ಹುಲ್ಲು ಒಗ್ಗಲಿ ಅಂತ ಮೊದಲೇ ತಂದೆ ಅಂದ್ಯಲ್ಲ."

ಮಾಮ ಅವಳನ್ನೇ ನೋಡಿದ. ಬೇಲಿಯ ಹತ್ತಿರ ನಗು ನಿಂತಿತು.

"ಮತ್ತೆ?" ಮಾಮ ಮೀಸೆ ತಿರುವಿದ. "ಅಷ್ಟೂ ಗೊತ್ತಿಲ್ದೆ ತಂದೆ ಅನ್ಕೊಂಡ್ರಾ? ಬಿಡಯ್ಯ ಹಗ್ಗ."

ಬರಿಗೈಯಲ್ಲಿ ಹೋದ ಕಟುಕ ದಾರಿಯುದ್ದಕ್ಕೂ ಗೊಣಗಿದ.

ಏಪ್ರಿಲ್‌ನಲ್ಲಿ ಚಳಿಗಾಲ ಹತ್ತಿರವಾಗಿ ಬೇಗ ಕತ್ತಲಾಗತೊಡಗಿತು. ಕುರಿಗಳು ಬಾಲ ಅಲ್ಲಾಡಿಸುತ್ತ ತಾವಾಗಿಯೇ ಟಗರಿನ ಪಕ್ಕ ಹೋಗಿ ನಿಂತವು.

ಮಾಮ ಬೇಲಿಯ ಬಳಿ ಒಲೆಗಾರಿಯೊನಿಗೆ ಪಾಠ ಹೇಳುತ್ತಿದ್ದ. "ಪ್ರೊಜೆಸ್ಟರಾನ್ ಕಣಯ್ಯ. ಅದು ಏರಿದ್ರೇನೇ ಬೆದೆ. ಅಲ್ವೇನೇ ಸುಲ್ಮಾ?"

ಸುಲ್ಮಾಳಿಗೆ ಈಸ್ಟ್ರೋಜನ್ ಅನ್ನೋ ಸರಿಯಾದ ಹೆಸರು ನಾಲಿಗೆ ತುದಿಗೇ ಬಂತು. ಅಷ್ಟರಲ್ಲಿ ಟಗರು ಬಂದು ಅವಳ ಲಂಗದ ಅಂಚು ಅಗಿಯತೊಡಗಿತು.

"ಹೂಂ ಮಾಮ," ಅಂದಳು. ಲಂಗ ಬಿಡಿಸಿಕೊಂಡು, ಟಗರಿಗೆ ನೀರು ತರಲು ಹೊರಟಳು.