ತುಕ್ಕಣ್ಣ ಬಿದ್ದದ್ದಲ್ಲ

“ಅದನ್ನ ಮೊಣಕಾಲು ಅಂತೀರೇನ್ರೀ? ಬಾಗಿಲ ತಿರುಗಣಿ ಅದು! ನಿಮ್ಮ ನೀಲಿ ದೊರೆ ನಾಲ್ಕು ಹೆಜ್ಜೆ ಓಡಿದರೆ ಮಂಡಿ ಕಳಚಿ ಕೈಗೆ ಬರುತ್ತೆ!”

ಅವಳು ಕುರ್ಚಿ ಬಿಟ್ಟು ಎದ್ದೇಬಿಟ್ಟಿದ್ದಳು. ಎದುರಿಗೆ ಕೂತಿದ್ದ ಹೊಸಬ ಮಾತ್ರ ಕದಲಲಿಲ್ಲ.

“ಮಂಡಿ ಹೋದರೆ ಹೋಗಲಿ ಮೇಡಂ, ಸಮತೂಕ ಇದೆಯಲ್ಲ? ನಿಮ್ಮ ತುಕ್ಕಣ್ಣ ನಡೆದರೆ, ಕುಡಿದವನು ಏಣಿ ಹೊತ್ತು ಹೋದ ಹಾಗಿರುತ್ತೆ!”

ಕೋಣೆಯೆಲ್ಲ ಗೊಳ್ಳೆಂದಿತು. ಅವಳ ಕಿವಿ ಕೆಂಪಾಯಿತು. ಆದರೆ ಅವನ ನಗುವಿನಲ್ಲಿ ಕೊಂಕಿರಲಿಲ್ಲ... ಅದೇ ಅವಳಿಗೆ ಇನ್ನಷ್ಟು ಸಿಟ್ಟು ತರಿಸಿತು!

ಸೈಕಲ್ ಅಂಗಡಿಯ ಮೇಲಿನ ಆ ಕೋಣೆಯಲ್ಲಿ ಪ್ರತಿ ಭಾನುವಾರ ನಾಲ್ಕು ಗಂಟೆಗೆ ಹತ್ತು ಹನ್ನೆರಡು ಮಂದಿ ಸಿನಿಮಾ ಹುಚ್ಚರು ಸೇರುತ್ತಿದ್ದರು. ಹುಚ್ಚು ಒಂದೇ ಸಿನಿಮಾದ್ದು. ಕಡಲಿನಿಂದ ಬೆಟ್ಟದಂಥ ರಾಕ್ಷಸ ಪ್ರಾಣಿಗಳು ಎದ್ದು ಬರುತ್ತವೆ. ಅವುಗಳೊಡನೆ ದೈತ್ಯ ರೋಬೋಗಳು ಕಾದಾಡುತ್ತವೆ. ಮೊದಲ ಭಾಗ ಬಂದು ಹೋಗಿತ್ತು, ಎರಡನೆಯದು ಬೀದಿಯ ಕೊನೆಯ ಚಿತ್ರಮಂದಿರದಲ್ಲಿ ಇನ್ನೂ ಓಡುತ್ತಿತ್ತು. ಯಾವ ರೋಬೋ ಮೇಲು ಎಂಬುದೊಂದೇ ಅಲ್ಲಿನ ಜಗಳ. ಅವಳ ರೋಬೋ ತುಕ್ಕಣ್ಣ, ಹೊಸಬನದು ನೀಲಿ ದೊರೆ.

ಸಭೆಗೆ ಹಿರಿಯರು ನಿವೃತ್ತ ಡ್ರಾಯಿಂಗ್ ಮೇಷ್ಟ್ರು. ಅವರದು ಒಂದೇ ಕಟ್ಟಪ್ಪಣೆ. ವಾದದಲ್ಲಿ ಸೋತವರು ಮುಂದಿನ ವಾರ ಎದುರಾಳಿಯ ರೋಬೋ ಪರವಾಗಿ ಮಾತಾಡಬೇಕು, ಅದೂ ಮನಸಾರೆ.

“ಇನ್ನೊಬ್ಬರ ದೇವರಿಗೆ ಒಂದು ದಿನ ಕೈ ಮುಗಿದರೆ ನಿಮ್ಮ ದೇವರೇನೂ ಮುನಿಸಿಕೊಳ್ಳೋದಿಲ್ಲ” ಎನ್ನುತ್ತಿದ್ದರು ಮೇಷ್ಟ್ರು.

ಅವಳ ಕೆಲಸ ಕೃತಕ ಕಾಲು ಮಾಡುವುದು. ಕಾರ್ಯಾಗಾರದಲ್ಲಿ ದಿನವಿಡೀ ಮಂಡಿಯ ಕೀಲು ಉಜ್ಜಿ, ಜೋಡಿಸಿ, ಕಾಲು ಕಳೆದುಕೊಂಡವರನ್ನು ಮತ್ತೆ ನಿಲ್ಲಿಸಿ ನಡೆಸುವವಳು. ಹಾಗಾಗಿ ಅವಳಿಗೆ ‘ಮೊಣಕಾಲು ಮೇಡಂ’ ಎಂದೇ ಹೆಸರು. ಹೊಸಬ ಬಂದರಿನಲ್ಲಿ ಕ್ರೇನ್ ಓಡಿಸುವವನು. ಅವನನ್ನು ಎಲ್ಲರೂ ‘ಕ್ರೇನ್’ ಎಂದರು.

ವಾರಗಳು ಉರುಳಿದವು. ಒಮ್ಮೆ ಅವಳು ಗೆದ್ದಳು, ಒಮ್ಮೆ ಅವನು. ಬರಬರುತ್ತಾ ಶುಕ್ರವಾರ ಬಂತೆಂದರೆ ಅವಳ ಕೈ ಕೆಲಸದ ಮೇಲೆ ನಿಲ್ಲದಾಯಿತು. ಅವನು ಹೀಗೆಂದರೆ ನಾನು ಹಾಗೆನ್ನಬೇಕು... ಅಂದಾಗ ನಗುತ್ತಾನೆ... ನಕ್ಕರೆ ಏನು ಮಾಡಲಿ?

“ಯಾಕೆ, ಇರುವೆ ಗೂಡಿನ ಮೇಲೆ ಕೂತವಳ ಹಾಗೆ ಆಡ್ತೀಯ?” ಅಮ್ಮ ಕೇಳಿದರು.

“ಏನಿಲ್ಲಮ್ಮ.”

“ಏನಿಲ್ಲ ಅನ್ನೋಳು ಒಂದೇ ಚಿಲಕ ಮೂರು ಸಲ ಹಾಕಿ ತೆಗೀತಾಳೇನು?”

ಅವಳು ಚಿಲಕ ಬಿಟ್ಟು ಒಳಗೆ ನಡೆದಳು.

ತುಕ್ಕಣ್ಣನನ್ನು ಮೊದಲು ಮೆಚ್ಚಿದವನು ಅವಳ ಅಣ್ಣ. ಮೊದಲ ಭಾಗಕ್ಕೆ ಅವಳನ್ನು ಎಳೆದುಕೊಂಡು ಹೋಗಿ, ಹಳೆಯ, ತುಕ್ಕು ಹಿಡಿದ, ಕುಂಟುವ ಆ ರೋಬೋ ತೆರೆಗೆ ಬಂದಾಗಲೆಲ್ಲ ಶಿಳ್ಳೆ ಹೊಡೆದವನು. ಆಸ್ಪತ್ರೆಯ ಹಾಸಿಗೆಯಲ್ಲೂ, “ಎರಡನೇ ಭಾಗ ಬರಲಿ ಪುಟ್ಟಿ, ಒಟ್ಟಿಗೆ ನೋಡೋಣ” ಎಂದಿದ್ದ.

ಸಿನಿಮಾ ಬಂತು. ಅಷ್ಟರಲ್ಲಿ ಅಣ್ಣ ಹೋಗಿದ್ದ.

ಇದು ಆ ಕೋಣೆಯಲ್ಲಿ ಮೇಷ್ಟ್ರೊಬ್ಬರಿಗೇ ಗೊತ್ತಿತ್ತು.

ಏಳನೆಯ ಭಾನುವಾರ ವಾದ ಕಾವೇರಿತ್ತು. ಅವನು ಉತ್ಸಾಹದಲ್ಲಿ ಮೇಜು ಗುದ್ದಿದ.

“ಮೇಡಂ, ನಿಮ್ಮ ತುಕ್ಕಣ್ಣ ಸತ್ತಾಯ್ತು! ಎರಡನೇ ಭಾಗದ ಕೊನೇಲಿ ಕಡಲಪಾಲಾದ. ಸತ್ತವನನ್ನ ಇನ್ನೂ ಎಷ್ಟು ದಿನ ಹೊತ್ತು ತಿರುಗ್ತೀರಿ? ಇಳಿಸಿಬಿಡಿ!”

ಎಲ್ಲರೂ ನಕ್ಕರು. ಮೇಷ್ಟ್ರು ನಗಲಿಲ್ಲ.

ಅವಳು ಮೇಷ್ಟ್ರ ಮುಖ ನೋಡಿದಳು, ಆಮೇಲೆ ಅವನ ಮುಖ. ಮೇಷ್ಟ್ರು ಅಣ್ಣನ ವಿಷಯ ಹೇಳಿಬಿಟ್ಟಿದ್ದಾರೆ... ಎಲ್ಲ ಗೊತ್ತಿದ್ದೂ ಈ ಮಾತು ಅಂದನೇ!

“ನಿಮಗೆ ಭಾರ ಎತ್ತೋದು ಮಾತ್ರ ಗೊತ್ತು” ಎಂದಳು. “ಹೊರೋದು ಗೊತ್ತಿಲ್ಲ.”

ಚೀಲ ಎತ್ತಿಕೊಂಡು ದಡದಡನೆ ಮೆಟ್ಟಿಲಿಳಿದಳು. “ಮೇಡಂ... ಏನಾಯ್ತು?” ಎಂಬ ಅವನ ಕೂಗು ಬೀದಿಯವರೆಗೂ ಬೆನ್ನಟ್ಟಿತು.

ಎರಡು ಭಾನುವಾರ ಅವಳು ಅತ್ತ ಸುಳಿಯಲಿಲ್ಲ. ಅವನ ಫೋನು ಎತ್ತಲಿಲ್ಲ. ಹಾಗೆಂದು ನೆಮ್ಮದಿಯೂ ಇರಲಿಲ್ಲ. ಕೂತರೆ ಎದ್ದಳು, ಎದ್ದರೆ ಕಿಟಕಿಗೆ ಹೋದಳು, ಉಜ್ಜಿದ ಕೀಲನ್ನೇ ಮತ್ತೆ ಉಜ್ಜಿ ಹಾಳುಮಾಡಿದಳು. ಬೇಡವೆಂದು ಬಿಟ್ಟ ಮನುಷ್ಯ ಗಳಿಗೆಗೊಮ್ಮೆ ನೆನಪಾಗುವುದೇಕೆ?

ಮೂರನೆಯ ಭಾನುವಾರ ಮಧ್ಯಾಹ್ನ ಮೇಷ್ಟ್ರೇ ಮನೆಗೆ ಬಂದರು.

“ನಾನು ಅವನಿಗೆ ಏನೂ ಹೇಳಿರಲಿಲ್ಲ ಮಗಳೇ. ನೀನು ಎದ್ದುಹೋದ ಮೇಲೆ ಹೇಳಿದ್ದು. ಪಾಪ, ತಲೆ ಮೇಲೆತ್ತಲಿಲ್ಲ. ‘ಸೋತಿದ್ದು ನಾನು’ ಅಂತ ತಾನೇ ಒಪ್ಪಿಕೊಂಡ. ಈಗ ತುಕ್ಕಣ್ಣನ ಪರ ಅವನೇ ಮಾತಾಡಬೇಕು. ಎರಡು ಭಾನುವಾರದಿಂದ ‘ಅವರು ಬರಲಿ’ ಅಂತ ಕಾಯ್ತಿದ್ದಾನೆ. ಇವತ್ತು ಮಾತ್ರ ನೀನು ಬಂದರೂ ಬಿಟ್ಟರೂ ಮಾತಾಡಲೇಬೇಕು ಅಂದಿದ್ದೀನಿ.”

“ನಾನು ಬರೋಲ್ಲ ಮೇಷ್ಟ್ರೇ.”

ಮೇಷ್ಟ್ರು ಬಲವಂತ ಮಾಡದೆ ಹೊರಟರು. ಮೂರೂಮುಕ್ಕಾಲಾಯಿತು. ಅವಳು ಅಂಗಳ ಅಳೆಯುತ್ತಿದ್ದಳು.

“ಹೋಗು” ಎಂದರು ಅಮ್ಮ, ಬಾಗಿಲಿಗೆ ಒರಗಿ. “ನಿಮ್ಮಣ್ಣನನ್ನ ದೇವರು ಕರಕೊಂಡ. ಯಾಕೆ ಅಂತ ಕೇಳಿ ಕೇಳಿ ನನ್ನ ಗಂಟಲು ಬತ್ತಿತು, ಉತ್ತರ ಬರಲಿಲ್ಲ. ಆದರೆ ನಿನ್ನನ್ನ ಇಲ್ಲೇ ಬಿಟ್ಟಿದ್ದಾನಲ್ಲ... ಬಿಟ್ಟಿದ್ದಕ್ಕೂ ಏನಾದರೂ ಕಾರಣ ಇರಬೇಕಲ್ಲ ಮಗಳೇ?”

ಅವಳು ಮೆಟ್ಟಿಲ ತುದಿ ತಲುಪಿದಾಗ ಒಳಗೆ ಅವನು ಮಾತಾಡುತ್ತಿದ್ದ. ನಗು ಇರಲಿಲ್ಲ.

“ಹನ್ನೊಂದು ವರ್ಷದಿಂದ ಕ್ರೇನ್ ಓಡಿಸ್ತಿದ್ದೀನಿ. ಭಾರ ತಾಳಲಾರದ ಯಂತ್ರ ಮುಗ್ಗರಿಸುತ್ತೆ. ಈ ಮೂರು ವಾರದಲ್ಲಿ ಐದು ಸಲ ಹೋಗಿ ಆ ಕೊನೆಯ ದೃಶ್ಯ ನೋಡಿದೆ. ತುಕ್ಕಣ್ಣ ಮುಗ್ಗರಿಸಲಿಲ್ಲ. ಅವನ ಬೆನ್ನ ಹಿಂದೆ ಜನ ತುಂಬಿದ ದೋಣಿ ಇತ್ತು. ಅಲೆಗೆ ಅಡ್ಡವಾಗಿ ತಾನೇ ಮಂಡಿಯೂರಿ ಕೂತ. ಅವನು ಬಿದ್ದದ್ದಲ್ಲ, ಕೂತದ್ದು...”

“ಸುಳ್ಳು!” ಬಾಗಿಲಲ್ಲಿ ನಿಂತವಳು ಕೂಗಿದಳು. “ಅವನ ಎಡ ಮಂಡಿ ಆಗಲೇ ಮುರಿದಿತ್ತು! ಮುರಿದ ಮಂಡಿ ಊರೋದು ಹೇಗ್ರೀ?”

ಎಲ್ಲರೂ ತಿರುಗಿದರು. ಅವನು ಅವಳನ್ನೇ ನೋಡುತ್ತ ಮೆಲ್ಲಗೆ ಹೇಳಿದ.

“ಬಲ ಮಂಡಿ ಊರಿದ ಮೇಡಂ.” ಸ್ವಲ್ಪ ತಡೆದು ಕೇಳಿದ. “ನೀವು... ಆ ದೃಶ್ಯ ನೋಡೇ ಇಲ್ಲ, ಅಲ್ವಾ?”

ಅವಳು ಬಾಗಿಲ ಚೌಕಟ್ಟು ಹಿಡಿದುಕೊಂಡಳು.

ನೋಡಿರಲಿಲ್ಲ. ಒಬ್ಬಳೇ ಹೋಗಿ ಕೂತಿದ್ದಳು. ಕೊನೆ ಬಂದಾಗ ಕಣ್ಣು, ಕಿವಿ ಎರಡನ್ನೂ ಮುಚ್ಚಿಕೊಂಡಿದ್ದಳು. ನೋಡಿದರೆ ತುಕ್ಕಣ್ಣ ಹೋದಂತೆ. ತುಕ್ಕಣ್ಣ ಹೋದರೆ ಅಣ್ಣನೂ...

ಮೇಷ್ಟ್ರು ಸುಮ್ಮನೆ ಎದ್ದು, “ಇವತ್ತಿಗೆ ಸಾಕು, ಏಳಿ ಏಳಿ” ಎಂದು ಮಿಕ್ಕವರನ್ನು ಕೆಳಗಿಳಿಸಿಕೊಂಡು ಹೋದರು.

“ಐದೂವರೆಗೆ ಆಟ ಇದೆ” ಎಂದ ಅವನು. “ಬರ್ತೀರಾ? ಕಣ್ಣು ಮುಚ್ಚಿಕೊಂಡರೂ ನಾನೇನೂ ಅನ್ನೋಲ್ಲ.”

“ಕ್ಷಮಿಸಿ ಅಂತ ಕೇಳೋಲ್ವಾ?”

“ಅಷ್ಟು ಧೈರ್ಯ ಇದ್ದಿದ್ರೆ ಐದು ಸಲ ಸಿನಿಮಾಕ್ಕೆ ಯಾಕೆ ಹೋಗ್ತಿದ್ದೆ?” ಅವನ ಕಣ್ಣು ತುಂಬಿತ್ತು. “ತಪ್ಪಾಯ್ತು. ಗೊತ್ತಿರಲಿಲ್ಲ.”

ಚಿತ್ರಮಂದಿರದಲ್ಲಿ ಅವಳ ಪಾದ ಒಂದೇ ಸಮನೆ ಕುಣಿಯುತ್ತಿತ್ತು. ಎರಡು ಸಲ ಏಳಲು ಹೋದಳು, ಎರಡು ಸಲ ಕೂತಳು. ತೆರೆಯ ತುಂಬ ಕಡಲು ಎದ್ದಿತು. ರೆಪ್ಪೆ ತಾನಾಗಿ ಮುಚ್ಚಿತು.

ಮುಚ್ಚಿಯೇ ಇರಲೇ? ಎಷ್ಟು ದಿನ?

ಕಣ್ಣು ತೆರೆದಳು.

ತುಕ್ಕಣ್ಣ ಒಮ್ಮೆ ಹಿಂದಿರುಗಿ ದೋಣಿಯನ್ನು ನೋಡಿದ. ಭಾರವನ್ನು ಬಲಕ್ಕೆ ತಂದ. ಕೈ ಊರಿದ. ನಿಧಾನವಾಗಿ ಮಂಡಿ ಬಗ್ಗಿಸಿದ. ಹೊಸ ಕಾಲು ಹಾಕಿಸಿಕೊಂಡವರಿಗೆ ಅವಳು ಕೂರಲು ಕಲಿಸುತ್ತಿದ್ದದ್ದೂ ಹೀಗೆಯೇ, ಆತುರವಿಲ್ಲದೆ, ಒಂದೊಂದೇ ಕೀಲು. ಅಲೆ ಬಂದು ಅವನನ್ನು ಮುಚ್ಚಿತು. ದೋಣಿ ಉಳಿಯಿತು.

ಅವಳು ಬಿಕ್ಕಿ ಬಿಕ್ಕಿ ಅತ್ತಳು. ಅಣ್ಣ ಹೋದ ದಿನವೂ ಬಾರದ ಅಳು ಅದು. ಕತ್ತಲೆಯಲ್ಲಿ ಪಕ್ಕದ ಕೈಗಾಗಿ ತಡಕಿದಳು. ಆ ಕೈ ಅಲ್ಲೇ ಇತ್ತು.

ದೀಪ ಹತ್ತಿತು. ಜನ ಎದ್ದು ಹೋದರು. ಇಬ್ಬರೂ ಕೂತೇ ಇದ್ದರು.

“ಇನ್ನು ವಾದ ಮಾಡೋಕೆ ನನ್ನ ಹತ್ತಿರ ಏನೂ ಉಳಿದಿಲ್ಲ” ಎಂದಳು.

“ವಾದ ಇಲ್ಲದಿದ್ರೂ ನಿಮ್ಮ ಪಕ್ಕ ಕೂರಬೇಕು ಅನ್ನಿಸುತ್ತೆ ನನಗೆ. ಭಾನುವಾರ ಮಾತ್ರ ಅಲ್ಲ, ದಿನಾ.” ಅವನು ನೆಲ ನೋಡಿದ. “ಪ್ರೀತಿ ಅನ್ನೋದು ಇದಕ್ಕೇ ಆದರೆ... ಅದೇ ಅಂತಿಟ್ಕೊಳ್ಳಿ.”

“ಅದಕ್ಕೇ ಕಣ್ರೀ” ಎಂದಳು ಅವಳು, ಮೂಗು ಒರೆಸಿಕೊಳ್ಳುತ್ತ. “ನನಗೂ ಅದೇ ಆಗಿರೋದು.”

ಅವಳು ಕಣ್ಣೊರೆಸಿಕೊಂಡು ಅವನತ್ತ ತಿರುಗಿದಳು.

“ನಾಳೆ ಸಂಜೆ ಕಾರ್ಯಾಗಾರದ ಹತ್ತಿರ ಬರ್ತೀರಾ? ನಮ್ಮಣ್ಣನ ವಿಷಯ ಹೇಳಬೇಕು. ಅವನು ಹೇಗೆ ನಗ್ತಿದ್ದ, ಹೇಗೆ ಕಾಡಿಸ್ತಿದ್ದ... ಯಾರಿಗೂ ಹೇಳಿಲ್ಲ.”

“ನಾಳೆ ತನಕ ಯಾಕೆ?” ಅವನು ಹಿಡಿದ ಕೈ ಬಿಡಲಿಲ್ಲ. “ಮನೆವರೆಗೂ ನಡೆದೇ ಹೋಗೋಣ. ಈಗಲೇ ಶುರುಮಾಡಿ.”

“ದಾರಿ ಸಾಲೋದಿಲ್ಲ.”

“ನಿಧಾನಕ್ಕೆ ನಡೆಯೋಣ ಬಿಡಿ.”